ವಾಲುತ್ತಿದ್ದ ದೀಪ

ಚೆನ್ನೈ ಪಕ್ಕದ ಒಂದು ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ನಾನು ಎಂಜಿನಿಯರ್. ಕರೆಂಟು ಹುಟ್ಟುವ ಜಾಗದಲ್ಲೇ ಕರೆಂಟು ಎಲ್ಲಿ ಪೋಲಾಗುತ್ತಿದೆ ಎಂದು ಹುಡುಕುವುದು ನನ್ನ ಕೆಲಸ. ಇಂಥವಳನ್ನು ಯಾರೂ ಕಾಫಿಗೆ ಕರೆಯುವುದಿಲ್ಲ. ನನಗೇನೂ ಬೇಸರವಿಲ್ಲ.

ಆ ವರ್ಷ, ಬಾಯ್ಲರಿನ ಹೊಗೆಯನ್ನು ಎಳೆದು ಚಿಮಣಿಗೆ ತಳ್ಳುವ ದೊಡ್ಡ ಫ್ಯಾನು ಏದುಸಿರು ಬಿಡತೊಡಗಿತು. ಮೇಲಿನವರು ಇನ್ನೂ ದೊಡ್ಡ ಮೋಟಾರು ತರಿಸಲು ಹೊರಟರು. ಅಂದರೆ ಇನ್ನಷ್ಟು ಕರೆಂಟು, ಇನ್ನಷ್ಟು ಕಲ್ಲಿದ್ದಲು, ಮೀನುಗಾರರ ಕೇರಿ ಕಾಸಿಮೇಡಿನ ಮೇಲೂ ಇನ್ನಷ್ಟು ಹೊಗೆ. "ತಪ್ಪು ಫ್ಯಾನಿನದಲ್ಲ, ಎಲ್ಲಿಂದಲೋ ಹೊರಗಿನ ಗಾಳಿ ಒಳಗೆ ನುಗ್ಗುತ್ತಿದೆ, ಅದನ್ನೂ ಅದೇ ಎಳೆಯಬೇಕು" ಎಂದೆ. "ಎಲ್ಲಿಂದ, ತೋರಿಸಿ" ಎಂದು ಒಂದು ವಾರ ಗಡುವು ಕೊಟ್ಟರು.

ಐದು ದಿನ ಏಣಿ ಹತ್ತಿ ಇಳಿದದ್ದೇ ಬಂತು. ಆರನೆಯ ಬೆಳಿಗ್ಗೆ, ಹೊಗೆ ಕೊಳವೆಗೆ ಒರಗಿಸಿಟ್ಟ ದೇವಿ ಅಮ್ಮನವರ ಚಿತ್ರಕ್ಕೆ ಹಿರಿಯ ಫಿಟ್ಟರ್ ದೀಪ ಹಚ್ಚುತ್ತಿದ್ದರು. ಜ್ವಾಲೆ ಕೊಳವೆಯ ಕಡೆಗೆ ವಾಲಿತು.

"ದಿನಾ ಹೀಗೇ ಅಮ್ಮಾ. ತಾಯಿ ಬಾಯ್ಲರಿಗೆ ಆಶೀರ್ವಾದ ಮಾಡ್ತಾಳೆ" ಎಂದರು ತಮಿಳಿನಲ್ಲಿ, ಹೆಮ್ಮೆಯಿಂದ.

ನನಗೆ ಚೆನ್ನೈನ ಪೆರಂಬೂರಿನಲ್ಲಿದ್ದ ನಮ್ಮ ಹೋಟೆಲು ನೆನಪಾಯಿತು. ಅಡುಗೆಮನೆಯ ದೇವರ ದೀಪ ವಾಲಿದ್ದು ಕಂಡರೆ ಸಾಕು, ಕುಂದಾಪುರದ ಅಪ್ಪ ಗದರುತ್ತಿದ್ದರು: "ಹಿಂದಿನ್ ಬಾಗ್ಲ್ ಹಾಕಿ ಮಾರಾಯ್ರೆ!"

ಚಿತ್ರದ ಹಿಂದೆ ಇಣುಕಿದೆ. ಅಲ್ಲೂ ಒಂದು ಬಾಗಿಲಿತ್ತು, ಕೊಳವೆಯೊಳಗೆ ಇಳಿದು ನೋಡಲು ಇಟ್ಟದ್ದು. ಅಮ್ಮನನ್ನು ಕದಲಿಸಬಾರದೆಂದು ಪ್ರತಿ ರಿಪೇರಿಯಲ್ಲೂ ಅದೊಂದನ್ನು ಬಿಟ್ಟು ಮಿಕ್ಕವನ್ನೆಲ್ಲ ಸರಿಮಾಡಿದ್ದರು. ಅಂಚಿನ ಸೀಲು ಸುಟ್ಟು ಪುಡಿಯಾಗಿತ್ತು.

ಚಿತ್ರ ಸರಿಸಬೇಕೆಂದಾಗ ಫಿಟ್ಟರ್ ಮುಖ ಸಪ್ಪಗಾಯಿತು. "ತಾಯಿ ಮುನಿದರೆ?"

"ನನ್ನ ಮೇಲೆ ಮುನಿಯಲಿ" ಎಂದೆ. ಫ್ಯಾನು ಸುಧಾರಿಸದಿದ್ದರೆ ನನ್ನ ಮಾತಿನ ಬೆಲೆಯೂ ಹೋಗುತ್ತಿತ್ತು, ಅವರ ನಂಬಿಕೆಗೂ ಸುಮ್ಮನೆ ಪೆಟ್ಟು ಬೀಳುತ್ತಿತ್ತು.

ವಾರದ ಕೊನೆಗೆ ಬಾಯ್ಲರ್ ನಿಲ್ಲಿಸಿದರು. ಫಿಟ್ಟರ್ ಸ್ನಾನ ಮಾಡಿ ಬಂದು, ತಾವೇ ಚಿತ್ರ ಎತ್ತಿ, ತಾವೇ ಹೊಸ ಸೀಲು ಕೂರಿಸಿದರು. ಮತ್ತೆ ಚಾಲೂ ಮಾಡಿದಾಗ ಫ್ಯಾನಿನ ಕರೆಂಟು ಮೀಟರಿನ ಮುಳ್ಳು ಇಳಿಯಿತು, ಇಳಿದಲ್ಲೇ ನಿಂತಿತು. ಮೋಟಾರಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ನಾನು ಬೀಗಿದೆ, ಯಾಕೆ ಸುಳ್ಳು ಹೇಳಲಿ.

ಮರುದಿನ ಬೆಳಿಗ್ಗೆ ಫಿಟ್ಟರ್ ಚಿತ್ರವನ್ನು ಮತ್ತೆ ಅಲ್ಲೇ ಇಟ್ಟು ದೀಪ ಹಚ್ಚಿದರು. ಜ್ವಾಲೆ ನೆಟ್ಟಗೆ ನಿಂತಿತು.

"ಇಷ್ಟು ವರ್ಷ ತಾಯಿ ಬೆರಳು ಮಾಡಿ ತೋರಿಸ್ತಾನೇ ಇದ್ದಳಮ್ಮಾ" ಎಂದರು. "ನಾವು ಬರೀ ಕೈ ಮುಗಿದೆವು."