ಕತ್ತರಿ ಮೇಡಂ ಮಾತಾಡಿದ್ದು

ಸೈಕಲ್ ಅಂಗಡಿಯ ಮೇಲಿನ ಮಹಡಿಯ ಭಾಷಾಶಾಲೆಯಲ್ಲಿ, ಸಂಜೆಯ ಹೊತ್ತು ಫ್ರೆಂಚ್ ಕಲಿಸುತ್ತಿದ್ದವರಿಗೆ ಶಿಷ್ಯರು ಇಟ್ಟ ಹೆಸರು ಕತ್ತರಿ ಮೇಡಂ. ಕ್ರಿಯಾಪದವೊಂದು ಕೈಗೆ ಸಿಕ್ಕರೆ ಅವರು ಇಡಿಯಾಗಿ ಬಿಟ್ಟವರೇ ಅಲ್ಲ. ಉಚ್ಚಾರದ ತುಂಡು ಮುಗಿಯುವಲ್ಲಿ ನೀಲಿ ಗೆರೆ, ಧಾತು ಮುಗಿದು ಪ್ರತ್ಯಯ ಶುರುವಾಗುವಲ್ಲಿ ಕೆಂಪು ಗೆರೆ. 'ಪಾರ್ಲಿಯೋಂ' ಎಂದರೆ ನಾವು ಮಾತಾಡುತ್ತಿದ್ದೆವು ಎಂದು. ಅದಕ್ಕೆ ನೀಲಿ ಗೆರೆ 'ಪಾರ್' ಆದ ಮೇಲೆ, ಕೆಂಪು ಗೆರೆ 'ಪಾರ್ಲ್' ಆದ ಮೇಲೆ. ಎರಡನ್ನೂ ಒಂದೇ ಕಡೆ ಎಳೆದವರಿಗೆ ಆ ಸಂಜೆ ಬಿಡುಗಡೆಯಿಲ್ಲ. ಪ್ರತಿ ತುಂಡಿಗೂ ಮೇಜಿನ ಮೇಲೆ ಬೆರಳಿನದೊಂದು ಏಟು. ಈ ಕೆಲಸದಲ್ಲಿ ಅವರದು ಎತ್ತಿದ ಕೈ. ಆ ಜಂಬವೂ ಕಮ್ಮಿ ಇರಲಿಲ್ಲ. ಮನೆಯಲ್ಲಿ ಗಂಡ ತಟ್ಟೆ ಬಡಿದು "ಊ-ಟಕ್-ಕೆ ಬಾರೇ" ಎಂದು ಚೇಷ್ಟೆ ಮಾಡಿದರೆ, ಕೆಂಪು ಗೆರೆ ಎಲ್ಲಿ ಎಂದು ಕೇಳಿಬಿಡುತ್ತಿದ್ದರು.

ಬರಹದ ಪರೀಕ್ಷೆ ಅವರ ಶಿಷ್ಯರಿಗೆ ನೀರು ಕುಡಿದಷ್ಟು ಸಲೀಸು. ಮಾತಿನ ಪರೀಕ್ಷೆಯಲ್ಲಿ ಮಾತ್ರ ವರ್ಷ ವರ್ಷವೂ ಮಕಾಡೆ ಮಲಗುತ್ತಿದ್ದರು. ಈ ಸಲವಂತೂ ಅವರ ಶಿಷ್ಯೆ ನರ್ಸ್ ಒಬ್ಬಳಿಗೆ ಫ್ರೆಂಚ್ ಆಸ್ಪತ್ರೆಯೊಂದರಲ್ಲಿ ಕೈಗೆ ಬಂದಿದ್ದ ಕೆಲಸವೇ ತಪ್ಪಿಹೋಯಿತು. ಊರು ಯಾವುದೆಂದು ಕೇಳಿದ್ದಕ್ಕೂ ಅವಳು ತೊಡೆಯ ಮೇಲೆ ಬೆರಳು ಬಡಿಯುತ್ತ ಒಂದೊಂದೇ ತುಂಡು ಉದುರಿಸಿದ್ದಳಂತೆ. ಶಾಲೆಯ ಮುಖ್ಯಸ್ಥರಿಗೆ ಸಾಕಾಗಿತ್ತು. ಒಂದು ಪಾಠ ಬಂದು ನೋಡುತ್ತೇನೆ, ಸರಿ ಕಾಣದಿದ್ದರೆ ತರಗತಿ ಕಿರಿಯ ಮೇಡಂಗೆ ಎಂದರು. ಕಿರಿಯ ಮೇಡಂ ಎಂದರೆ ಎದುರು ಕೋಣೆಯಲ್ಲಿ ಬೋರ್ಡು ಮುಟ್ಟದೆ ಬರೀ ಹರಟೆ ಹೊಡೆಸುವವಳು. ಅದೂ ಒಂದು ಪಾಠವೇ ಎಂದು ಕತ್ತರಿ ಮೇಡಂ ಮೂಗು ಮುರಿಯುತ್ತಿದ್ದರು.

ಆ ದಿನ ಅವರು ಬೋರ್ಡು ಒರೆಸಿ, ಬಳಪಗಳನ್ನು ಡ್ರಾಯರಿನೊಳಗೆ ಹಾಕಿ, ಇವತ್ತು ಬರೀ ಮಾತು ಎಂದು ಸಾರಿದರು. ಶಿಷ್ಯರು ಖಾಲಿ ಬೋರ್ಡನ್ನೇ ನೋಡಿದರು.

"ಮೊದಲು ನೀವೇ ಶುರು ಮಾಡಿ ಮೇಡಂ," ಎಂದರು ಹಿಂದೆ ಕೂತಿದ್ದ ಮುಖ್ಯಸ್ಥರು. "ನಿನ್ನೆ ಏನೇನು ಮಾಡಿದ್ರಿ, ಹೇಳಿ."

ಅಷ್ಟೇ ತಾನೆ ಎಂದುಕೊಂಡು ಶುರು ಮಾಡಿದರು. ಮೊದಲ ಕ್ರಿಯಾಪದಕ್ಕೇ ನಾಲಿಗೆ ನಿಂತಿತು. ಬೆರಳು ತಾನಾಗಿ ಮೇಜಿಗೆ ಬಡಿಯಿತು. ಒಂದು ತುಂಡು ಬಂತು, ತಡೆದು ಇನ್ನೊಂದು. ನಿನ್ನೆಯ ದಿನವೆಲ್ಲ ತಲೆಯಲ್ಲಿ ಇಡಿಯಾಗಿಯೇ ಇತ್ತು, ಬಾಯಿಗೆ ಬರುವಷ್ಟರಲ್ಲಿ ಚೂರಾಗುತ್ತಿತ್ತು. ಯಾರೂ ನಗಲಿಲ್ಲ. ಬೆಂಚುಗಳ ಮೇಲೆ ಎಲ್ಲರ ಬೆರಳುಗಳೂ ಅವರ ಜೊತೆಗೆ ಮೆಲ್ಲಗೆ ಬಡಿಯುತ್ತಿದ್ದವು. ಅದನ್ನು ಕಂಡಾಗ ಅವರಿಗೆ ನಿಜಕ್ಕೂ ನಾಚಿಕೆಯಾಯಿತು.

"ನಾನು ಮಾತಾಡೋದು ಬಿಟ್ಟೇ ಎಷ್ಟೋ ವರ್ಷ ಆಗಿದೆ ಸಾರ್," ಎಂದರು. "ಬರೀ ಕತ್ತರಿಸ್ತಾ ಇದ್ದೆ."

ತರಗತಿ ಕೈತಪ್ಪಿತು. ಉತ್ತರಪತ್ರಿಕೆ ತಿದ್ದುವ ಕೆಲಸವಷ್ಟೇ ಉಳಿಯಿತು. ಮರುವಾರ ಅವರು ಎದುರು ಕೋಣೆಗೆ ಹೋಗಿ, ಕಿರಿಯ ಮೇಡಂನ ಒಪ್ಪಿಗೆ ಕೇಳಿ, ಹಿಂದಿನ ಬೆಂಚಿನಲ್ಲಿ ನರ್ಸ್ ಪಕ್ಕ ಕೂತರು. ಸರದಿ ಬಂದಾಗ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದು, ದಾರಿಯಲ್ಲಿ ಚಪ್ಪಲಿ ಕಿತ್ತುಹೋದ ಕಥೆ ಹೇಳತೊಡಗಿದರು. ಎರಡನೆಯ ಮಾತಿನಲ್ಲೇ ಪ್ರತ್ಯಯ ತಪ್ಪಿತು. ತಪ್ಪಿದ್ದು ಅವರ ಕಿವಿಗೇ ಬಿತ್ತು, ಮುಖ ಕೆಂಪಾಯಿತು. ಆದರೂ ತಿದ್ದಿಕೊಳ್ಳಲು ನಿಲ್ಲದೆ, ಬರಿಗಾಲಲ್ಲಿ ಮನೆ ಮುಟ್ಟುವವರೆಗೂ ಹೇಳಿ ಮುಗಿಸಿದರು.