ಜರ್ಮನಿ ಮೇಷ್ಟ್ರು ಮತ್ತು ಅವರ ಅಕ್ಕ

ಕಾಲೇಜಿನಲ್ಲಿ ಎಲ್ಲರೂ ಅವರನ್ನು ಜರ್ಮನಿ ಮೇಷ್ಟ್ರು ಎನ್ನುತ್ತಿದ್ದರು. ಜರ್ಮನಿಯನ್ನು ಅವರು ಭೂಪಟದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವರಲ್ಲ. ಆ ದೇಶದ ಒಬ್ಬ ತತ್ವಜ್ಞಾನಿಯನ್ನು ಹಚ್ಚಿಕೊಂಡು ಇಡೀ ನೌಕರಿ ಸವೆಸಿದ್ದರು, ಅಷ್ಟೆ. "ಯಾವುದಕ್ಕೆ ಎಷ್ಟು ಬೆಲೆ ಅಂತ ಬುದ್ಧಿಗೆ ಗೊತ್ತಾಗಲ್ಲ, ಮನಸ್ಸು ಮಿಡಿದರೇನೇ ಕಾಣೋದು. ಕಳೆದದ್ದೂ ಅಷ್ಟೆ, ಮುಗಿದುಹೋಗಿಲ್ಲ. ನಡೆದದ್ದನ್ನ ಅಳಿಸೋಕಾಗಲ್ಲ, ಆದರೆ ಪಶ್ಚಾತ್ತಾಪ ಪಟ್ಟರೆ ಅದರ ಅರ್ಥ ಬದಲಾಗುತ್ತೆ" ಎನ್ನುವಾಗ ಅವರ ದನಿ ಏರುತ್ತಿತ್ತು. ಹಿಂದಿನ ಬೆಂಚಿನವರು ಆಕಳಿಸುತ್ತಿದ್ದರು.

ಅವರನ್ನು ಓದಿಸಿದ್ದು ಅಕ್ಕ. ತಾಯಿ ಹೋದಮೇಲೆ ಶಾಲೆ ಬಿಟ್ಟು ಬಟ್ಟೆ ಫ್ಯಾಕ್ಟರಿ ಸೇರಿ, ಬಂದ ಗಂಡುಗಳನ್ನೆಲ್ಲ "ಮೊದಲು ಇವನದೊಂದು ದಾರಿಯಾಗಲಿ" ಎಂದು ವಾಪಸು ಕಳಿಸಿದವಳು. ಕಾಲರ್ ಹೊಲಿದು ಹೊಲಿದು ಬೆನ್ನು ಬಾಗಿತ್ತು. ತಮ್ಮ ಕೆಲಸಕ್ಕೆ ಸೇರಿದ ಹೊಸದರಲ್ಲಿ, ನೋಡುವ ಆಸೆ ತಡೆಯಲಾಗದೆ, ಮೈಮೇಲೆ ನೂಲಿನ ಚೂರು ಅಂಟಿಸಿಕೊಂಡೇ ಕಾಲೇಜಿಗೆ ಬಂದಳು. ಸ್ಟಾಫ್ ರೂಮಿನಲ್ಲಿ ಯಾರೋ "ಯಾರು ಇವರು?" ಎಂದರು.

"ನಮ್ಮ ಬೀದಿಯವರು" ಎಂದುಬಿಟ್ಟರು ಮೇಷ್ಟ್ರು.

ಕೊಟ್ಟ ನೀರನ್ನೂ ಮುಟ್ಟದೆ ಅಕ್ಕ ಎದ್ದು ಹೋದಳು. ಆಮೇಲೆ ಅವಳು ಬರಲಿಲ್ಲ. ಮುಖ ತೋರಿಸಲಾಗದೆ ಇವರೂ ಹೋಗಲಿಲ್ಲ.

ಎಷ್ಟೋ ವರ್ಷಗಳಾದ ಮೇಲೆ, ಅವಳ ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದ ಸುದ್ದಿ ಬಂದಾಗ ಮೇಷ್ಟ್ರು ಎದ್ದುಬಿದ್ದು ಓಡಿದರು. ಜೀವಮಾನವೆಲ್ಲ ಕಲಿಸಿದ್ದನ್ನು ಮೊದಲ ಸಲ ತಾವೇ ಮಾಡಿದರು.

"ತಪ್ಪಾಯ್ತಕ್ಕ. ಅವತ್ತು ನಾನು ಹಾಗನ್ನಬಾರದಿತ್ತು."

"ಬಿಡೋ, ಅದೆಲ್ಲ ಈಗ್ಯಾಕೆ."

"ಕ್ಷಮಿಸಿದೀನಿ ಅಂತ ಒಂದು ಮಾತು ಹೇಳು."

ಅಕ್ಕ ಮೂಗಿನ ಮೇಲಿನ ಮಾಸ್ಕ್ ಸರಿಸಿದಳು. "ಕೋಪ ಇದ್ರೆ ತಾನೇ ಕ್ಷಮಿಸೋದು? ಮೊದಮೊದಲು ಹೊಟ್ಟೆಗೆ ಬೆಂಕಿ ಬಿದ್ದ ಹಾಗಿತ್ತು. ಈಗ ಏನೂ ಅನ್ಸಲ್ಲ. ನಿನ್ನ ಓದಿಸಿದ್ದು ನೆನಪಾದ್ರೂ ಯಾರದೋ ಕತೆ ಕೇಳಿದ ಹಾಗಿರುತ್ತೆ. ಸುಮ್ನೆ ದುಡಿದೆ ಕಣೋ."

ಬೈದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು. ಅವಳ ಮುಖದಲ್ಲಿ ಸಿಟ್ಟಿನ ಎಳೆಯೂ ಇರಲಿಲ್ಲ. ಕಳೆದದ್ದರ ಅರ್ಥ ಬದಲಾಗುತ್ತದೆಂಬುದು ನಿಜವೇ. ಆದರೆ ಅದು ಕೆಟ್ಟದ್ದರ ಕಡೆಗೂ ಹೊರಳಬಹುದೆಂದು ಅವರು ಯಾವತ್ತೂ ಯೋಚಿಸಿರಲಿಲ್ಲ. ತಾವಾಡಿದ ಒಂದು ಮಾತು, ಅದಕ್ಕೂ ಮುಂಚಿನ ಅವಳ ಅಷ್ಟೂ ವರ್ಷಗಳನ್ನು ತಿಂದುಹಾಕಿತ್ತು.

ಆ ವಾರವೇ ಅಕ್ಕ ತೀರಿಕೊಂಡಳು. ಜೊತೆಗೆ ಕೆಲಸ ಮಾಡಿದ ಹೆಂಗಸರು ಬಂದು ಗೊಳೋ ಎಂದು ಅತ್ತರು. ಅವಳ ಕೋಣೆ ಖಾಲಿ ಮಾಡುವಾಗ ಪಾತ್ರೆ, ಚಾಪೆ, ಕತ್ತರಿಗಳನ್ನು ಅವರೇ ಹಂಚಿಕೊಂಡರು. "ನಿಮಗೇನಾದ್ರೂ ಬೇಕಾ ಸರ್?" ಎಂದು ಒಬ್ಬಳು ಕೇಳಿದಳು. ಮೇಷ್ಟ್ರು ಏನನ್ನೂ ತೆಗೆದುಕೊಳ್ಳಲಿಲ್ಲ. ಬೀಗದ ಕೈಯನ್ನು ಮನೆ ಮಾಲೀಕರಿಗೆ ಒಪ್ಪಿಸಿ ಬಸ್ಸು ಹತ್ತಿದರು.