ಗಗನಪ್ಪನ ಹೆಂಡತಿಯ ಮೌನ

ನನಗೆ ಸಿಟ್ಟು ಬರುವುದು ನಿಧಾನ, ಇಳಿಯುವುದು ಇನ್ನೂ ನಿಧಾನ. ಹೆಸರು ಕೂಡ ಗೊತ್ತಿಲ್ಲದ ಒಬ್ಬ ಅಮೆರಿಕದವನ ಮೇಲೆ ಇಷ್ಟು ವರ್ಷವಾದರೂ ನನ್ನ ಸಿಟ್ಟು ಇಳಿದಿಲ್ಲ ಎಂದರೆ ನೀವು ನಗಬಹುದು. ನಗಿ, ನಾನು ಬೇಡವೆನ್ನುವುದಿಲ್ಲ. ಆದರೆ ಮೊನ್ನೆ ಬಸವನಗುಡಿಯ ಸಭೆಯೊಂದರಲ್ಲಿ ಜರಿ ಶಲ್ಯದ ವಿದ್ವಾಂಸರೊಬ್ಬರು ಕಾಮಿಕ್ ಪುಸ್ತಕಗಳಲ್ಲಿ ಮುಷ್ಟಿ ಉಂಟು, ಮನಸ್ಸಿಲ್ಲ ಎಂದುಬಿಟ್ಟರು. ಪ್ರಾಸ ಚೆನ್ನಾಗಿತ್ತು, ಚಪ್ಪಾಳೆಯೂ ಬಿತ್ತು. ನಾನು ಕೋಸಂಬರಿಗೂ ಕಾಯದೆ ಎದ್ದು ಬಂದೆ. ಕೋಸಂಬರಿ ಬಿಟ್ಟು ಬರುವಷ್ಟು ಕೋಪ ನನಗೆ ಬರುವುದು ತೀರಾ ಅಪರೂಪ. ಮನಸ್ಸಿಲ್ಲವಂತೆ! ನಮ್ಮ ಮನೆಯನ್ನೇ ತಲೆಕೆಳಗು ಮಾಡಿದ ಆ ಕಾಮಿಕ್ಕನ್ನು ಅವರು ನೋಡಿರಬೇಕಿತ್ತು.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನಾವು ಚಾಮರಾಜಪೇಟೆಯಲ್ಲಿದ್ದೆವು, ನಾನು ಇಂಟರ್‌ಮೀಡಿಯೆಟ್ ಓದುತ್ತಿದ್ದೆ. ಅಪ್ಪನಿಗೆ ತರಗುಪೇಟೆಯಲ್ಲಿ ಬೇಳೆಕಾಳಿನ ಅಂಗಡಿ. ಪೊಟ್ಟಣ ಕಟ್ಟಲು ದಂಡಿನ, ಎಂದರೆ ಕಂಟೋನ್ಮೆಂಟಿನ, ಕಡೆಯಿಂದ ಹಳೆಯ ಪೇಪರಿನ ಕಟ್ಟುಗಳು ಬರುತ್ತಿದ್ದವು. ಬಿಳಿ ಸಿಪಾಯಿಗಳು ಊರು ಬಿಡುವಾಗ ಬಿಸಾಕಿ ಹೋದ ಬಣ್ಣದ ಕಾಮಿಕ್ಕುಗಳು ಅವುಗಳ ನಡುವೆ ಸಿಗುತ್ತಿದ್ದವು. ತೊಗರಿಬೇಳೆಯ ಪಾಲಾಗುವ ಮುಂಚೆ ನಾನು ಅವನ್ನು ಎಳೆದುಕೊಂಡು ಮನೆಗೆ ತರುತ್ತಿದ್ದೆ.

ಅವುಗಳಲ್ಲಿ ಒಂದು ಸರಣಿ ನಕ್ಷತ್ರಲೋಕದ ವೀರನದು. ಉರಿಯುವ ಸೂರ್ಯನಿಗೆ ಹೆಗಲು ಕೊಟ್ಟು ಪಕ್ಕಕ್ಕೆ ಸರಿಸುತ್ತಾನೆ, ಒಂದಕ್ಕೊಂದು ಡಿಕ್ಕಿ ಹೊಡೆಯಲಿರುವ ಗ್ರಹಗಳ ನಡುವೆ ಕೈ ಚಾಚಿ ನಿಲ್ಲುತ್ತಾನೆ. ಅವನ ಇಂಗ್ಲಿಷ್ ಹೆಸರು ಅಜ್ಜಿಯ ನಾಲಗೆಗೆ ಒಗ್ಗಲಿಲ್ಲ, ಗಗನಪ್ಪ ಎಂದು ಕರೆದರು. ಅವನ ಹೆಂಡತಿ ಬೇರೊಂದು ಗ್ರಹದ ಹುಡುಗಿ. ಅವಳು ಚುಕ್ಕಿಯಾದಳು. ಮಧ್ಯಾಹ್ನದ ಊಟ ಮುಗಿದ ಮೇಲೆ ಅಜ್ಜಿ, ಗೌರಮ್ಮ ಚಿಕ್ಕಮ್ಮ ಇಬ್ಬರೂ ನಡುಮನೆಯಲ್ಲಿ ಮೊರ ಹಿಡಿದು ಬೇಳೆ ಆರಿಸುತ್ತಿದ್ದರು. ನಾನು ಚಿತ್ರ ತೋರಿಸುತ್ತ ಕನ್ನಡದಲ್ಲಿ ಕಥೆ ಹೇಳುತ್ತಿದ್ದೆ. ಪಾತ್ರಗಳ ಬಾಯಿಂದ ಹೊರಡುವ ಮಾತುಗಳನ್ನು ಬಿಳಿಯ ಗುಳ್ಳೆಗಳೊಳಗೆ ಬರೆದಿರುತ್ತಾರಲ್ಲ, ಅಜ್ಜಿ ಅದರ ಮೇಲೆ ಬೆರಳಿಟ್ಟು "ಈ ಗುಳ್ಳೇಲಿ ಏನಿದೆ, ಹೇಳೇ ಮಂಗಳಾ" ಎನ್ನುತ್ತಿದ್ದರು.

ಗೌರಮ್ಮ ಚಿಕ್ಕಮ್ಮನ ಗಂಡ, ಎಂದರೆ ನಮ್ಮ ರುದ್ರಪ್ಪ ಚಿಕ್ಕಪ್ಪ, ನಮ್ಮ ಬೀದಿಯ ಗಗನಪ್ಪ. ನಲವತ್ತೆರಡರಲ್ಲಿ ಜೈಲಿಗೆ ಹೋಗಿ ಬಂದವರು. ನಲ್ಲಿಯಲ್ಲಿ ನೀರು ಬರದಿದ್ದರೆ, ಬೀದಿದೀಪ ಉರಿಯದಿದ್ದರೆ, ಹಳ್ಳಿಯ ಹುಡುಗನಿಗೆ ಹಾಸ್ಟೆಲ್ಲಿನಲ್ಲಿ ಜಾಗ ಸಿಗದಿದ್ದರೆ ಜನ ನೇರವಾಗಿ ನಮ್ಮ ಜಗಲಿಗೆ ಬರುತ್ತಿದ್ದರು. ಚಿಕ್ಕಪ್ಪ ಊಟದ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದರು. ಒಳ್ಳೆಯವರು, ನಿಜವಾಗಿಯೂ ಒಳ್ಳೆಯವರು. ಅದೇ ನೋಡಿ ತೊಂದರೆ. ಕೆಟ್ಟವರ ಮೇಲೆ ಸಿಟ್ಟು ಮಾಡುವುದು ಸುಲಭ.

ಈ ಕಾಮಿಕ್ಕುಗಳು ಮನೆಗೆ ಬರುವ ಹಿಂದಿನ ವರ್ಷ ತುಮಕೂರಿನಿಂದ ಟೆಲಿಗ್ರಾಂ ಬಂದಿತ್ತು, ಚಿಕ್ಕಮ್ಮನ ತಾಯಿ ತೀರಿಕೊಂಡಿದ್ದರು. ಆ ದಿನ ಚಿಕ್ಕಪ್ಪ ನೀರಿನ ವಿಷಯಕ್ಕೆ ದೊಡ್ಡ ಮೆರವಣಿಗೆ ಏರ್ಪಡಿಸಿದ್ದರು. ಅಂಗಡಿಯ ಗುಮಾಸ್ತರನ್ನು ಜೊತೆ ಮಾಡಿ ಹೆಂಡತಿಯನ್ನು ರೈಲು ಹತ್ತಿಸಿದರು. ಚಿಕ್ಕಮ್ಮ ಹಿಂತಿರುಗಿದ ದಿನ "ಎಲ್ಲ ಸುಸೂತ್ರವಾಗಿ ಆಯ್ತಾ?" ಎಂದು ಕೇಳಿದರು, ಉತ್ತರ ಬರುವಷ್ಟರಲ್ಲಿ ಚಪ್ಪಲಿ ಮೆಟ್ಟಿ ಬೀದಿಗಿಳಿದಿದ್ದರು. ಚಿಕ್ಕಮ್ಮ ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದರು.

ಇನ್ನು ಕಥೆಗೆ ಬರುತ್ತೇನೆ. ಒಂದು ಸಂಚಿಕೆಯಲ್ಲಿ ಎರಡು ಗ್ರಹಗಳು ಒಟ್ಟಿಗೆ ಉರಿಯತೊಡಗಿದವು. ಒಂದರಲ್ಲಿ ಕೋಟ್ಯಂತರ ಜನ, ಇನ್ನೊಂದು ಚುಕ್ಕಿಯ ತವರು, ಪುಟ್ಟದು. ಗಗನಪ್ಪ ದೊಡ್ಡದನ್ನು ಉಳಿಸಿದ, ತವರು ಬೂದಿಯಾಯಿತು. ಮುಂದಿನ ಸಂಚಿಕೆಯಲ್ಲಿ ಅವನು ಬೇರೊಂದು ಲೋಕದ ರಾಕ್ಷಸರೊಡನೆ ಯುದ್ಧಕ್ಕೆ ಹೊರಟ. ನಾನು ಉತ್ಸಾಹದಿಂದ ಯುದ್ಧ ವರ್ಣಿಸುತ್ತಿದ್ದೆ. ಇಂಗ್ಲಿಷ್ ಅಕ್ಷರ ಗೊತ್ತಿಲ್ಲದ ಚಿಕ್ಕಮ್ಮ ಮೊರ ಕೆಳಗಿಟ್ಟು ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

"ಇವಳ ಬಾಯಿಂದ ಗುಳ್ಳೆ ಬರ್ತಾನೇ ಇಲ್ವಲ್ಲೇ" ಎಂದರು.

ಹೌದಲ್ಲ! ಹಾಳೆ ತಿರುವಿದೆ. ಚುಕ್ಕಿ ಪ್ರತಿ ಹಾಳೆಯಲ್ಲೂ ಇದ್ದಳು. ಅವನಿಗೆ ಕವಚ ತಂದುಕೊಡುತ್ತಿದ್ದಳು, ಗಾಯ ಒರೆಸುತ್ತಿದ್ದಳು, ಕಿಟಕಿಯ ಬಳಿ ನಿಂತಿದ್ದಳು. ಇಡೀ ಸಂಚಿಕೆಯಲ್ಲಿ ಅವಳಿಗೆ ಒಂದೇ ಒಂದು ಮಾತಿಲ್ಲ. ಅವನು ಅದನ್ನು ಗಮನಿಸಿರಲೂ ಇಲ್ಲ. ಬಿ.ಎ. ಮಾಡಬೇಕೆಂದಿದ್ದ ನಾನೂ ಗಮನಿಸಿರಲಿಲ್ಲ, ಅದು ಬೇರೆ ಮಾತು.

ಅಜ್ಜಿ ಕನ್ನಡಕ ತೆಗೆದರು. "ನಮ್ಮ ಶಿವ ಲೋಕಕ್ಕೋಸ್ಕರ ವಿಷ ಕುಡಿದಾಗ ಪಾರ್ವತಿ ಓಡಿ ಬಂದು ಗಂಟಲು ಹಿಡ್ಕೊಂಡ್ಳು. ಇಲ್ಲಿ ವಿಷ ಕುಡಿದೋಳು ಇವಳು. ಹಿಡ್ಕೊಳ್ಳೋಕೆ ಯಾರಿದಾರೆ?"

ಅಷ್ಟರಲ್ಲಿ ಚಿಕ್ಕಪ್ಪ ಯಾವುದೋ ಅರ್ಜಿ ಹುಡುಕುತ್ತ ಒಳಗೆ ಬಂದರು. ಪುಸ್ತಕ ಕಣ್ಣಿಗೆ ಬಿತ್ತು. ಎತ್ತಿಕೊಂಡು ಎರಡು ಹಾಳೆ ಮಗುಚಿದರು.

"ಏನಮ್ಮ ಮಂಗಳಾ, ಕಾಲೇಜಿಗೆ ಹೋಗೋ ಹುಡುಗಿ ಇದನ್ನ ಓದ್ತೀಯಾ? ಸಿಪಾಯಿಗಳು ಬಿಸಾಕಿದ ಕಸ. ಗುದ್ದಾಟ ಬಿಟ್ಟರೆ ಏನಿದೆ ಇದರಲ್ಲಿ? ಬಚ್ಚಲೊಲೆಗೆ ಹಾಕು."

ನನಗೆ ರೇಗಿತು. ಆದರೆ ಮಾತು ನನಗಿಂತ ಮೊದಲು ಚಿಕ್ಕಮ್ಮನಿಂದ ಬಂತು. ಗಂಡನ ಎದುರು ಅವರು ಸ್ವರವೆತ್ತಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಏನಿದೆ ಅಂತ ನಾನು ಹೇಳ್ತೀನಿ. ಕೂತ್ಕೊಳ್ಳಿ."

ಚಿಕ್ಕಪ್ಪ ಆಶ್ಚರ್ಯದಲ್ಲಿ ಕೂತುಬಿಟ್ಟರು. ಚಿಕ್ಕಮ್ಮ ಮೊದಲಿನಿಂದ ಹೇಳಿದರು, ಗ್ರಹ, ಬೆಂಕಿ, ಬೂದಿ ಎಲ್ಲ. ಚಿಕ್ಕಪ್ಪ ನಡುವೆಯೇ ಗಗನಪ್ಪನ ವಕೀಲರಾದರು.

"ಅವನು ಇನ್ನೇನು ಮಾಡ್ಬೇಕಿತ್ತು? ಆ ಕಡೆ ಕೋಟಿ ಜನ ಇದ್ರು. ನ್ಯಾಯವಾಗೇ ಮಾಡಿದಾನೆ."

"ಉಳಿಸ್ಲಿಲ್ಲ ಅಂತ ಅವಳಿಗೆ ಕೋಪ ಇಲ್ಲ. ವಾಪಸು ಬಂದ ಮೇಲೆ ಅವಳಿಗೆ ಹೇಗಾಗಿದೆ ಅಂತ ಒಂದು ಮಾತು ಕೇಳ್ಲಿಲ್ಲವಲ್ಲ, ಅದಕ್ಕೆ."

"ಹಾಗಂತ ಪುಸ್ತಕದಲ್ಲಿ ಬರೆದಿದೆಯಾ?"

"ಇಲ್ಲ" ಎಂದರು ಚಿಕ್ಕಮ್ಮ. "ಪುಸ್ತಕದಲ್ಲಿಲ್ಲ. ನಾನು ಹೇಳ್ತಿದೀನಿ."

ಜಗಲಿಯಿಂದ ಯಾರೋ "ರುದ್ರಪ್ನೋರೇ" ಎಂದು ಕೂಗಿದರು. ಚಿಕ್ಕಪ್ಪ ಎದ್ದು ಹೋದರು.

ಆವತ್ತಿನಿಂದ ಚಿಕ್ಕಮ್ಮ ಅವರೊಂದಿಗೆ ಮಾತು ನಿಲ್ಲಿಸಿದರು. ಊಟಕ್ಕೆ ಬಡಿಸುತ್ತಿದ್ದರು, ಖಾದಿ ಅಂಗಿಗೆ ಗಂಜಿ ಹಾಕುತ್ತಿದ್ದರು, ಬಾಯಿ ಮಾತ್ರ ಬಿಚ್ಚುತ್ತಿರಲಿಲ್ಲ. ನನ್ನ ಕೋಪಕ್ಕೆ ಕಾರಣ ಕೇಳಿ: ಚಿಕ್ಕಪ್ಪನಿಗೆ ಅದು ಗೊತ್ತೇ ಆಗಲಿಲ್ಲ! ಮೂರು ಬೀದಿಯಾಚೆ ನಲ್ಲಿ ನಿಂತರೆ ನಿದ್ದೆಯಿಂದ ಏಳುತ್ತಿದ್ದ ಮನುಷ್ಯ, ಮನೆಯೊಳಗೆ ಮಾತು ನಿಂತಿದ್ದನ್ನು ತಿಳಿಯದೆ ಎರಡು ಹೊತ್ತೂ ಉಂಡರು. ಕೊನೆಗೆ ಅಜ್ಜಿಗೇ ತಡೆಯಲಾಗಲಿಲ್ಲ.

"ರುದ್ರ, ನಿನ್ನ ಹೆಂಡ್ತಿ ಬಾಯಿಂದ ಗುಳ್ಳೆ ಬರ್ತಿಲ್ಲ, ನೋಡಿದೀಯೇನೋ?"

"ಬಾಯಲ್ಲಿ ಗುಳ್ಳೆಯೇ? ಉಷ್ಣ ಇರ್ಬೇಕು. ಮಜ್ಜಿಗೆ ಜಾಸ್ತಿ ಕುಡೀಲಿ, ಇಲ್ಲಾಂದ್ರೆ ಡಾಕ್ಟರಿಗೆ ತೋರಿಸೋಣ."

ನಾನು ನಗು ತಡೆಯಲಾರದೆ ಹಿತ್ತಿಲಿಗೆ ಓಡಿದೆ. ಅಜ್ಜಿ ಅವರನ್ನು ಕೂರಿಸಿಕೊಂಡು ಯಾವ ಗುಳ್ಳೆ ಎಂದು ಬಿಡಿಸಿ ಹೇಳಿರಬೇಕು. ನಾನು ಒಳಗೆ ಬಂದಾಗ ಚಿಕ್ಕಪ್ಪ ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು, "ಮಂಗಳಾ, ಆ ಹುಡುಗಿ ಆಮೇಲೆ ಅವನ ಹತ್ರ ಮಾತಾಡಿದಳಾ?"

ಮುಂದಿನ ಸಂಚಿಕೆ ನನ್ನ ಬಳಿ ಇರಲಿಲ್ಲ. ಚಿಕ್ಕಪ್ಪ ಅಪ್ಪನ ಅಂಗಡಿಗೆ ಹೋಗಿ ಪೇಪರಿನ ಕಟ್ಟುಗಳನ್ನೆಲ್ಲ ಬಿಚ್ಚಿ ಹರಡಿದರು. ಅಲ್ಲಿ ಸಿಗದೆ ದಂಡಿನ ಕಡೆಗೇ ಹೋದರು. ಫುಟ್‌ಪಾತಿನ ಹಳೇ ಪುಸ್ತಕದವನ ಮುಂದೆ ಕುಕ್ಕರಗಾಲಲ್ಲಿ ಕೂತು, ಹಣೆಯ ವಿಭೂತಿ ಬೆವರಿನಲ್ಲಿ ಇಳಿಯುತ್ತಿರುವಾಗ, ಖಾದಿಧಾರಿ ದೇಶಭಕ್ತರು ಬಣ್ಣದ ಕಾಮಿಕ್ಕುಗಳನ್ನು ಒಂದೊಂದಾಗಿ ಎತ್ತಿ ನೋಡುವ ದೃಶ್ಯವನ್ನು ಕಲ್ಪಿಸಿಕೊಂಡರೆ ನನಗೆ ಈಗಲೂ ಸ್ವಲ್ಪ ಸಮಾಧಾನವಾಗುತ್ತದೆ. ಸಂಜೆ ಅದನ್ನು ಗೆದ್ದುಕೊಂಡು ಬಂದರು. "ಓದು" ಎಂದು ನನ್ನ ಕೈಗಿತ್ತು ನಡುಮನೆಯಲ್ಲಿ ಎದುರಿಗೇ ಕೂತರು. ಚಿಕ್ಕಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು.

ಮೊದಲ ಹಾಳೆಯಲ್ಲೇ ಚುಕ್ಕಿ ಗಂಡನ ತೋಳು ಹಿಡಿದು ನಗುತ್ತಿದ್ದಳು. ಬಾಯಿಂದ ದೊಡ್ಡ ಗುಳ್ಳೆ. "ಪ್ರಿಯ, ಇವತ್ತು ಎಲ್ಲಿಗೆ ಹಾರೋಣ?"

ನಡುವೆ ಸಂಚಿಕೆ ತಪ್ಪಿಹೋಗಿದೆಯೇ ಎಂದು ಸಂಖ್ಯೆ ನೋಡಿದೆ. ತಪ್ಪಿರಲಿಲ್ಲ. ಬರೆದ ಆ ಅಮೆರಿಕದವನೇ ಹಾರಿಸಿಬಿಟ್ಟಿದ್ದ! ಒಬ್ಬ ಹೆಂಗಸಿನ ತವರನ್ನು ಸುಟ್ಟು, ಅವಳ ಬಾಯಿ ಕಟ್ಟಿ, ಆ ಮೌನವನ್ನು ಅಷ್ಟು ಚೆನ್ನಾಗಿ ಬರೆದವನಿಗೆ, ಅದು ಹೇಗೆ ಮುರಿಯಿತು ಎಂದು ಬರೆಯಲು ಕೈಲಾಗಲಿಲ್ಲ. ಸೂರ್ಯನನ್ನು ಸರಿಸಲು ಪುಟಗಟ್ಟಲೆ ಜಾಗವಿತ್ತು, ಇದಕ್ಕೆ ಅಂಗೈಯಗಲ ಇರಲಿಲ್ಲವೇ? ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಪ್ಪ ಗುಡುಗಿದರು.

"ಇದು ಮೋಸ! ಅವನು ಏನಂದ, ಅವಳು ಏನಂದ್ಲು, ಏನೂ ಇಲ್ಲ. ಅದನ್ನ ತಿಳ್ಕೊಳ್ಳೋಕೆ ತಾನೆ ನಾನು ಅಷ್ಟು ದೂರ ಹೋಗಿದ್ದು?"

ತಾವೇ ಏನು ಹೇಳಿಬಿಟ್ಟೆವೆಂದು ಚಿಕ್ಕಪ್ಪನಿಗೆ ಆಮೇಲೆ ಹೊಳೆದಿರಬೇಕು. ಎದ್ದು ಅಡಿಗೆಮನೆಯ ಬಾಗಿಲಿಗೆ ಹೋದರು. ಸಾವಿರ ಜನರ ಮುಂದೆ ತಡವರಿಸದ ನಾಲಗೆ ತಡವರಿಸಿತು.

"ಗೌರಾ, ನಿಮ್ಮಮ್ಮ... ಕೊನೇಲಿ ಹೇಗಿದ್ರು?"

"ನಾನು ಹೋಗೋ ಹೊತ್ತಿಗೆ ಸಮಾಧಿಗೆ ಎತ್ತೋಕೆ ಸಿದ್ಧ ಮಾಡಿದ್ರು. ಅಮ್ಮನ ಕೈಯಲ್ಲಿ ನಾನು ಹಿಂದೆ ಕೊಟ್ಟಿದ್ದ ಬಳೆ ಇತ್ತು" ಎಂದರು ಚಿಕ್ಕಮ್ಮ. ಅಷ್ಟೇ. ಆಮೇಲೆ ಒಂದು ವರ್ಷದ ಅಳು ಬಂತು. ಚಿಕ್ಕಪ್ಪ ಹೊಸಿಲ ಮೇಲೆಯೇ ಕೂತು ಕೇಳಿದರು.

ಸರಿಯಾಗಿ ಆಗಲೇ ಜಗಲಿಯಲ್ಲಿ ಗದ್ದಲ. "ರುದ್ರಪ್ನೋರೇ, ಬನ್ನಿ, ಬೀದಿದೀಪ ಕೆಟ್ಟಿದೆ!" ಅಜ್ಜಿ ಕೋಲೂರಿಕೊಂಡು ಬಾಗಿಲಿಗೆ ಹೋದರು.

"ಅವನು ಮನೇಲಿಲ್ಲ."

"ಚಪ್ಪಲಿ ಇಲ್ಲೇ ಇದೆಯಲ್ಲ, ಅವ್ವಾ?"

"ಚಪ್ಪಲಿ ಬಿಟ್ಟು ಹೋಗಿದಾನೆ. ದೀಪ ನಾಳೆ ಉರಿಯುತ್ತೆ, ಹೋಗಿಬನ್ನಿ."

ಚಿಕ್ಕಪ್ಪ ಪೂರ್ತಿ ಬದಲಾದರು ಎಂದು ಹೇಳಿದರೆ ನಾನೂ ಆ ಅಮೆರಿಕದವನ ಸಾಲಿಗೆ ಸೇರುತ್ತೇನೆ. ಮಾರನೆಯ ದಿನವೇ ದೀಪದ ಹಿಂದೆ ಕಾರ್ಪೊರೇಷನ್ ಆಫೀಸಿಗೆ ಹೋದರು, ಅದರ ಮಾರನೆಯ ದಿನ ಚರಂಡಿಯ ಹಿಂದೆ. ಆದರೆ ಹೊರಡುವ ಮುಂಚೆ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಅಪರಿಚಿತರನ್ನು ವಿಚಾರಿಸುವಂತೆ, "ಹೇಗಿದೀಯ?" ಎಂದು ಕೇಳುವುದನ್ನು ಕಲಿತರು. ಕೇಳಿ ಉತ್ತರಕ್ಕೆ ಕಾದು ನಿಲ್ಲುವುದನ್ನು ಕಲಿಯಲು ಇನ್ನೂ ಕೆಲವು ತಿಂಗಳು ಹಿಡಿಯಿತು.

"ನಾನು ಚೆನ್ನಾಗಿದೀನಿ" ಎನ್ನುತ್ತಿದ್ದರು ಚಿಕ್ಕಮ್ಮ, ಒಲೆಯ ಕಡೆಯಿಂದ ತಿರುಗದೆಯೇ. "ಕಾರ್ಪೊರೇಷನ್ ಹೇಗಿದೆ?"